ಕುದಿದರೂ ಕಾಯದ ನೀರು

ಮೂರನೆಯ ರೊಟ್ಟಿಯೂ ಬಡಿಯುತ್ತಿದ್ದಂತೆಯೇ ಒಡೆದು ಚೂರಾಯಿತು. ಗುಡಾರದ ಹೊರಗೆ ಹಿಮಗಾಳಿ ಎರಡು ದಿನಗಳಿಂದ ನಿಂತಿರಲಿಲ್ಲ. ಹಿಮಾಲಯ ಹತ್ತಲು ಹೊರಟ ಸಾಹೇಬರು ಹೈದರಾಬಾದಿನ ತಮ್ಮ ಬಂಗಲೆಯಿಂದ ಇಬ್ಬರು ಅಡಿಗೆಯವರನ್ನು ಕರೆತಂದಿದ್ದರು: ಜೋಳದ ಸೀಮೆಯ ನರೋಣಾ ಊರಿನ ನನ್ನನ್ನು, ಪಕ್ಕದ ಸೀಮೆಯ ಕರಜಗಿ ಊರಿನ ಸಿದ್ದಣ್ಣನನ್ನು. ಎತ್ತರ ಒಗ್ಗದೆ ತಲೆ ಹಿಡಿದುಕೊಂಡು ಮಲಗಿದ್ದ ಸಿದ್ದಣ್ಣ ಎರಡು ದಿನ ಏನನ್ನೂ ಮುಟ್ಟಿರಲಿಲ್ಲ. ಕೇಳಿದ್ದು ಒಂದೇ, ಜೋಳದ ರೊಟ್ಟಿ.

ಕುದಿಯುವ ನೀರು ಹಾಕಿ ನಾದಿದರೆ ಜೋಳದ ಹಿಟ್ಟಿಗೆ ಜಿಗಿ ಬರುತ್ತದೆ, ರೊಟ್ಟಿ ಒಡೆಯುವುದಿಲ್ಲ. ಇಲ್ಲಿಯೂ ನೀರು ಗಳಗಳ ಕುದಿಯುತ್ತಿತ್ತು. ಹಿಟ್ಟೇ ಹಳತೆಂದು ಬೈದುಕೊಂಡೆ. ನೋಡುತ್ತ ಕುಳಿತಿದ್ದ ಶೆರ್ಪಾ ಮುದುಕ ನಕ್ಕು, ಇಷ್ಟು ಎತ್ತರದಲ್ಲಿ ನೀರು ಪೂರಾ ಕಾಯುವ ಮೊದಲೇ ಕುದಿದುಬಿಡುತ್ತದೆ ಎಂದು ಮುರುಕು ಹಿಂದಿಯಲ್ಲಿ ಹೇಳಿದ. ನಾನು ನಂಬದಿದ್ದಾಗ, ಬೆಳಗಿನಿಂದ ಕುದ್ದರೂ ಬೇಯದ ಬೇಳೆಯನ್ನು ಎತ್ತಿ ತೋರಿಸಿದ.

ಆಮೇಲೆ ಅವನೇ ನನ್ನ ಹಿಟ್ಟನ್ನು ಹಂಚಿನ ಮೇಲೆ ಘಮ್ಮೆನ್ನುವ ತನಕ ಹುರಿದ. ಉಪ್ಪು, ಬೆಣ್ಣೆ ಹಾಕಿದ ತಮ್ಮ ಕಡೆಯ ಚಹಾ ಸುರಿದು ಉಂಡೆ ಕಟ್ಟಿ ಸಿದ್ದಣ್ಣನ ಕೈಗಿಟ್ಟ.

ಸಿದ್ದಣ್ಣ ಮೂಸಿ ನೋಡಿ ಒಂದು ತುತ್ತು ತಿಂದ. "ರೊಟ್ಟಿ ಅಲ್ಲ ಬಿಡೋ ತಮ್ಮಾ. ಆದ್ರ ನಮ್ಮ ಹೊಲದ ವಾಸನಿ ಬರಾಕತ್ತೈತಿ" ಎಂದು ಇನ್ನೊಂದು ಉಂಡೆಗೆ ಕೈಚಾಚಿದ.

ಊರಿಗೆ ಮರಳಿ ಅವ್ವನಿಗೆ ಎಲ್ಲ ಹೇಳಿದೆ. ಮೋಡಕ್ಕಿಂತ ಮೇಲಿದ್ದ ಬೆಟ್ಟವನ್ನು ನಂಬಿದಳು, ಬೆಣ್ಣೆ ಹಾಕಿದ ಚಹಾವನ್ನೂ ನಂಬಿದಳು. ಕುದಿದರೂ ಕಾಯದ ನೀರನ್ನು ಮಾತ್ರ ಕಡೆತನಕ ನಂಬಲಿಲ್ಲ. "ರೊಟ್ಟಿ ಬಡಿಯಾಕ ಬರಂಗಿಲ್ಲ ಅಂತ ಹೇಳಲೇ, ನೀರಿನ ಮ್ಯಾಲ್ಯಾಕ ತಪ್ಪು ಹಾಕ್ತಿ?"