ಅತ್ತೆಯ ಕತ್ತಿನ ಪೈಪು

ನಮ್ಮ ಅತ್ತೆಗೆ ಎರಡೂ ಕಿಡ್ನಿ ಕೈಕೊಟ್ಟಿವೆ ಎಂದು ಗೊತ್ತಾದಾಗ ಬೈರಕೂರಿನ ಹತ್ತಿರದ ನಮ್ಮ ಮನೆಯಲ್ಲಿ ರೇಷ್ಮೆಹುಳುಗಳು ಇನ್ನೇನು ಗೂಡು ಕಟ್ಟುವುದರಲ್ಲಿದ್ದವು. "ಗೂಡು ಬಿಡಿಸೋವರ್ಗೂ ನಾನೆಲ್ಲಿಗೂ ಬರಲ್ಲ" ಎಂದು ಹಟ ಹಿಡಿದವರನ್ನು ನನ್ನ ಗಂಡ ಹೇಗೋ ಒಪ್ಪಿಸಿ ಕೋಲಾರಕ್ಕೆ ಕರೆದುಕೊಂಡು ಹೋದರು. ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆಂದು ಅವರ ಕತ್ತಿನ ದೊಡ್ಡ ರಕ್ತನಾಳಕ್ಕೆ ಪೈಪು ಹಾಕಿ, ಬುಡಕ್ಕೆ ಬ್ಯಾಂಡೇಜು ಅಂಟಿಸಿದರು. ಮುಂದೆ ಕೈಯಲ್ಲಿ ಸಣ್ಣ ಆಪರೇಷನ್ ಮಾಡಿ ಅಲ್ಲಿಂದಲೇ ರಕ್ತ ತೆಗೆಯುವಂತೆ ಮಾಡುತ್ತೇವೆ, ಅಲ್ಲಿಯವರೆಗೆ ಈ ಪೈಪೇ ಗತಿ ಎಂದರು.

ವಾರಕ್ಕೆರಡು ಸಲ ಅತ್ತೆಯೂ ನಾನೂ ಮುಳಬಾಗಿಲಲ್ಲಿ ಬಸ್ಸು ಬದಲಾಯಿಸಿ ಕೋಲಾರಕ್ಕೆ ಹೋಗಿಬರುತ್ತಿದ್ದೆವು. ಯುಗಾದಿ ಬಂತು. ಹಬ್ಬದ ದಿನ ತಲೆಗೆ ನೀರು ಹಾಕಿಕೊಳ್ಳದೆ ಇರುವುದು ಅವರಿಂದ ಆಗಲಿಲ್ಲ. ಎಣ್ಣೆ ಹಚ್ಚಿ, ಸೀಗೆಪುಡಿಯಲ್ಲಿ ತಲೆ ತೊಳೆದುಕೊಂಡು, ಒದ್ದೆಯಾಗಿ ಬಿಟ್ಟುಕೊಂಡ ಬ್ಯಾಂಡೇಜನ್ನು ಸೆರಗಿನಲ್ಲಿ ಒರೆಸಿ ಮತ್ತೆ ಒತ್ತಿಕೊಂಡರು.

ಅದಾದ ಕೆಲವೇ ದಿನಕ್ಕೆ, ಡಯಾಲಿಸಿಸ್ ಶುರುವಾದ ಸ್ವಲ್ಪ ಹೊತ್ತಿಗೆ ಅವರಿಗೆ ನಡುಕ ಹತ್ತಿತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುವುದು ನಿಲ್ಲಲಿಲ್ಲ. ಅಲ್ಲಿನ ಸಿಸ್ಟರ್ ಓಡಿ ಬಂದು ನೋಡಿದರು. ಪೈಪಿನ ಬುಡ ಕೆಂಪಾಗಿತ್ತು. ರಕ್ತ ಪರೀಕ್ಷೆಗೆ ಹೋಯಿತು. ಪೈಪಿನಿಂದ ಕ್ರಿಮಿ ರಕ್ತಕ್ಕೆ ಸೇರಿದೆ ಎಂದು ಡಾಕ್ಟರು ಹೇಳಿದರು. ಆ ಪೈಪು ತೆಗೆದು, ಅಡ್ಮಿಟ್ ಮಾಡಿಕೊಂಡು ಔಷಧಿ ಕೊಟ್ಟರು. ಅತ್ತೆ ಒಂದೆರಡು ದಿನ ನನ್ನ ಗುರುತೇ ಹಿಡಿಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಕಣ್ಣು ಬಿಟ್ಟು, "ಹುಳುಗಳಿಗೆ ಸೊಪ್ಪು ಯಾರೇ ಹಾಕ್ತಿರೋದು?" ಎಂದರು. ಬದುಕಿದರು ಅಂದುಕೊಂಡೆ.

ರಕ್ತ ಶುದ್ಧವಾದ ಮೇಲೆ ಕತ್ತಿನ ಇನ್ನೊಂದು ಬದಿಗೆ ಹೊಸ ಪೈಪು ಬಂತು. ಸಿಸ್ಟರ್ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತರು.

"ಅಮ್ಮಾ, ಈ ಪೈಪಿನ ತುದಿ ಹೃದಯದ ಹತ್ರ ಇರುತ್ತೆ. ಇಲ್ಲಿ ಕೊಳೆ ಸೇರಿದ್ರೆ ನೇರ ರಕ್ತಕ್ಕೇ ಹೋಗೋದು. ಬ್ಯಾಂಡೇಜು ಒದ್ದೆಯಾದ್ರೆ, ಬಿಟ್ಕೊಂಡ್ರೆ ನೀವೇನೂ ಮಾಡ್ಬೇಡಿ, ಸೀದಾ ಇಲ್ಲಿಗೆ ಬನ್ನಿ. ಪೈಪಿನ ಮುಚ್ಚಳ ತೆಗೆಯೋವಾಗ ನಾವು ಕೈ ತೊಳ್ಕೊಂಡು ಗ್ಲೌಸ್ ಹಾಕ್ಕೋತೀವಿ, ನಾವೂ ನೀವೂ ಮಾಸ್ಕ್ ಹಾಕ್ಕೋಬೇಕು. ನಮ್ಮಲ್ಲಿ ಯಾರಾದ್ರೂ ಮರೆತ್ರೆ ನೀವೇ ಹೇಳ್ಬಿಡಿ. ಖಂಡಿತ ಬೇಜಾರಾಗಲ್ಲ."

ಡಿಸ್ಚಾರ್ಜ್ ಆಗಿ ಅತ್ತೆಯೂ ನಾನೂ ಊರಿಗೆ ಹೊರಟೆವು. ಬಸ್ಸಿನಲ್ಲಿ ಅತ್ತೆ ನನ್ನ ಕಡೆ ತಿರುಗಿ, "ಕೈಕಾಲು ತೊಳೀದೆ ಹುಳು ಮನೆ ಒಳಕ್ಕೆ ನಾನು ಯಾರ್ನೂ ಬಿಟ್ಟೋಳಲ್ಲ. ನನ್ನ ಕತ್ತಿನ ವಿಷ್ಯಕ್ಕೆ ಮಾತ್ರ ಬುದ್ಧಿ ಓಡ್ಲಿಲ್ಲ ನೋಡೇ" ಎಂದರು.

ಅಂದಿನಿಂದ ಮನೆಯ ರೀತಿಯೇ ಬದಲಾಯಿತು. ಮೈಗೆ ಮಾತ್ರ ಸ್ನಾನ. ತಲೆಯನ್ನು ಬಾಗಿಸಿ, ಕತ್ತಿಗೆ ಹನಿ ತಾಗದಂತೆ ನಾನು ತೊಳೆಯುತ್ತಿದ್ದೆ. ಅವರ ತಂಗಿ ಆಂಧ್ರದ ಕಡೆಯಿಂದ ನೋಡಲು ಬಂದವರು "ಎಟ್ಲುಂದಿ ಅಕ್ಕಾ?" ಎಂದು ತೆಲುಗಿನಲ್ಲೇ ಹೇಗಿದೆ ಅಂತ ಕೇಳುತ್ತಾ ಕತ್ತಿನ ಹತ್ತಿರ ಕೈ ತಂದರು.

"ಮುಟ್ಬೇಡ ಕಣೇ! ಅಲ್ಲೇ ಕೂತ್ಕೋ."

ತಂಗಿಯ ಮುಖ ಸಣ್ಣದಾಯಿತು. ಅತ್ತೆ ನಡುಕ ಬಂದ ದಿನದ್ದನ್ನೆಲ್ಲ ಹೇಳಿದರು. ಕೇಳಿ ಮುಗಿಸಿದ ತಂಗಿ ತಾವಾಗಿಯೇ ಎದ್ದು ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದು ಬಂದು, ಅಕ್ಕನ ಪಾದ ಒತ್ತುತ್ತಾ ಕೂತರು.

ಆಸ್ಪತ್ರೆಯಲ್ಲೂ ಒಂದು ದಿನ, ಜನ ಹೆಚ್ಚಿದ್ದಾಗ, ಸಿಸ್ಟರ್ ಪಕ್ಕದ ಮಂಚದಿಂದ ಅದೇ ಗ್ಲೌಸಿನಲ್ಲಿ ನೇರ ನಮ್ಮ ಹತ್ತಿರ ಬಂದರು. ಅತ್ತೆ ಮೆಲ್ಲಗೆ, "ಸಿಸ್ಟರಮ್ಮಾ, ಗ್ಲೌಸು..." ಎಂದರು. ಸಿಸ್ಟರ್ ನಕ್ಕು, "ಬದಲಾಯಿಸೋಕೇ ಹೋಗ್ತಿದ್ದೆ ಅಮ್ಮಾ, ಆದ್ರೂ ಹೇಳಿದ್ದು ಒಳ್ಳೇದಾಯ್ತು" ಎಂದು ಕೈ ತೊಳೆಯಲು ಹೋದರು. ನನಗೆ ಸಂಕೋಚವಾಗಿತ್ತು. ಅವರಿಬ್ಬರಿಗೂ ಆಗಿರಲಿಲ್ಲ.

ಮಳೆಗಾಲದ ಹೊತ್ತಿಗೆ ಕೈಯ ಆಪರೇಷನ್ ಆಗಿ, ಅಲ್ಲಿಂದಲೇ ರಕ್ತ ತೆಗೆಯುವಂತಾಯಿತು. ಎರಡನೇ ಪೈಪು ಒಂದು ದಿನವೂ ಜ್ವರ ತರದೆ ಹೊರಬಂತು. ಡಯಾಲಿಸಿಸ್ ಈಗಲೂ ತಪ್ಪಿಲ್ಲ, ಆದರೆ ಅತ್ತೆ ಗಟ್ಟಿಯಾಗಿದ್ದಾರೆ.

ಕಳೆದ ವಾರ ಆಸ್ಪತ್ರೆಯಲ್ಲಿ ತಾಯಲೂರಿನ ಕಡೆಯ ಗಂಡ ಹೆಂಡತಿ ನಮ್ಮೆದುರಿನ ಬೆಂಚಿನಲ್ಲಿ ಕೂತಿದ್ದರು. ಗಂಡನ ಕತ್ತಿಗೆ ಹೊಸ ಪೈಪು, ಅದರ ಮೇಲೆ ಬೆವರಿಗೆ ನೆಂದ ಟವೆಲು. ಅತ್ತೆ ಎದ್ದು ಹೋಗಿ ಆ ಹೆಂಗಸಿನ ಪಕ್ಕ ಕೂತರು.

"ಆ ಟವೆಲ್ ತೆಗ್ಸಮ್ಮಾ. ಒಳಗಡೆ ಸಿಸ್ಟರಮ್ಮ ಇದ್ದಾರೆ, ಬ್ಯಾಂಡೇಜು ಒಂದ್ಸಲ ತೋರ್ಸೋಣ. ಬಾ, ನಾನೂ ಬರ್ತೀನಿ."

ಮೂವರೂ ಒಳಗೆ ಹೋದರು. ನಾನು ನಾಲ್ವರ ಚೀಲಗಳನ್ನೂ ಕಾಯುತ್ತಾ ಬೆಂಚಿನಲ್ಲೇ ಕೂತೆ.