ಬಾಯಿಬಿಟ್ಟು ದರ ಹೇಳುವ ಪರೀಕ್ಷೆ

ಇಂಗ್ಲಿಷಿನಲ್ಲಿ ವ್ಯಾಪಾರ ಮಾಡುವವರು ಎಷ್ಟೊಂದು ವಿಷಾದಪಡುತ್ತಾರೆ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಸರಕು ತಡವಾದರೆ ವಿಷಾದ, ಸರಕು ಇಲ್ಲದಿದ್ದರೆ ವಿಷಾದ, ದರ ಇಳಿಸಲು ಬರುವುದಿಲ್ಲ ಎನ್ನುವಾಗಲಂತೂ ತೀವ್ರ ವಿಷಾದ. ಮಂಡ್ಯದ ಬೆಲ್ಲದ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು ಆ ಇಂಗ್ಲಿಷು ಕಲಿಯುವವರೆಗೆ ವಿಷಾದಪಟ್ಟ ವ್ಯಾಪಾರಿಯನ್ನು ಕಂಡೇ ಇರಲಿಲ್ಲ. ನಮ್ಮಲ್ಲಿ ಸರಕಿಲ್ಲದಿದ್ದರೆ "ಇಲ್ಲ ಕಣ್ಲಾ, ಓಗು" ಎನ್ನುತ್ತಿದ್ದರು. ಕೇಳಿದವನು ಬೇಸರವೇನೂ ಪಟ್ಟುಕೊಳ್ಳದೆ ಪಕ್ಕದ ಮಂಡಿಗೆ ಹೋಗುತ್ತಿದ್ದ. ಮಧ್ಯಾಹ್ನ ಇಬ್ಬರೂ ಒಂದೇ ಹೋಟೆಲಿನಲ್ಲಿ ಎದುರುಬದುರು ಕೂತು ಕಾಫಿ ಕುಡಿಯುತ್ತಿದ್ದರು. ಇಂಥ ಮಂಡಿಯವನಾದ ನನಗೆ ಎಪ್ಪತ್ತರ ದಶಕದ ನಡುವಿನಲ್ಲಿ, ಫೀಸು ಕೊಟ್ಟು ವಿಷಾದಪಡುವುದನ್ನು ಕಲಿಯುವ ಯೋಗ ಬಂತು.

ಅದಕ್ಕೆ ಕಾರಣ ನಮ್ಮ ಮಂಡಿಯ ಯಜಮಾನರಾದ ಚಿಕ್ಕೇಗೌಡರು. ಅವರ ಬೆಲ್ಲ ಆಗಷ್ಟೇ ಗುಜರಾತಿನ ಕಡೆಗೆ ಹೋಗತೊಡಗಿತ್ತು. ಅಲ್ಲಿಯವರಿಗೆ ಕನ್ನಡ ಬಾರದು, ನಮಗೆ ಗುಜರಾತಿ ಬಾರದು; ಆದ್ದರಿಂದ ಇಬ್ಬರಿಗೂ ನೆಟ್ಟಗೆ ಬಾರದ ಇಂಗ್ಲಿಷಿನಲ್ಲಿ ಕಾಗದಗಳು ಓಡಾಡಬೇಕೆಂದು ತೀರ್ಮಾನವಾಯಿತು. ಮಂಡಿಯ ಕಿಟಕಿ ಪಕ್ಕಕ್ಕೆ ಹೊಸ ಮೇಜು ಬಂತು, ಅದರ ಮೇಲೆ ಟೈಪ್‌ರೈಟರ್ ಬಂತು, ಕೂರುವವನು ಮಾತ್ರ ಬರಲಿಲ್ಲ.

"ನೋಡ್ಲಾ ಸಿದ್ರಾಜ," ಎಂದರು ಗೌಡರು ನನ್ನನ್ನು ಕರೆದು. "ಅದ್ಯಾವುದೋ ಯಾಪಾರದ ಇಂಗ್ಲೀಸ್ ಪರೀಕ್ಸೆ ಅಂತೆ. ಪಾಸ್ ಮಾಡ್ಕಂಡ್ ಬಾ, ಆ ಮೇಜು ನಿಂದು. ಆಗ್ನಿಲ್ಲ ಅಂದ್ರೆ ಮೈಸೂರಿಂದ ಒಬ್ಬುನ್ನ ಕರುಸ್ತೀನಿ. ನೀನು ಬಾಗ್ಲಲ್ಲೇ ಮೂಟೆ ಲೆಕ್ಕ ಬರ್ಕಂಡಿರು."

ಮೂಟೆ ಲೆಕ್ಕ ಬರೆಯುವುದೆಂದರೆ ಧೂಳಿನಲ್ಲಿ ನಿಂತು, ನೊಣ ಓಡಿಸುತ್ತ ಓಡಿಸುತ್ತ ಮುದುಕನಾಗುವುದು. ನನಗೆ ಆ ಮೇಜು ಬೇಕಿತ್ತು. ಇಷ್ಟು ಖಚಿತವಾಗಿ ನಾನು ಇನ್ನೇನನ್ನೂ ಬಯಸಿದ ನೆನಪಿಲ್ಲ. ಮದುವೆಯನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ, ಮನೆಯವಳು ಇದನ್ನು ಓದಲಾರಳು ಎಂಬ ಧೈರ್ಯದಿಂದ.

ಮಂಡ್ಯದಲ್ಲಿ ಶೇಷಾದ್ರಿ ಮೇಷ್ಟರ ಟೈಪಿಂಗ್ ಇನ್‌ಸ್ಟಿಟ್ಯೂಟು ಇತ್ತು. ನನ್ನ ಮನೆಯಿದ್ದ ಮದ್ದೂರಿನಿಂದ ಬೆಳಗಿನ ಬಸ್ಸು ಹತ್ತಿ ಬಂದು, ಮಂಡಿ ತೆರೆಯುವ ಮೊದಲು ಅಲ್ಲಿ ಪಾಠ ಹೇಳಿಸಿಕೊಳ್ಳಲು ತೊಡಗಿದೆ. ಮೊದಲ ದಿನವೇ ಮೇಷ್ಟರು, ಹೊಸ ಗಿರಾಕಿಗೆ ಒಂದು ಕಾಗದ ಬರೆ ಎಂದರು. ನಾನು ತುಂಬಾ ಯೋಚಿಸಿ, ನಾವು ಇಲ್ಲಿ ಕ್ಷೇಮ, ನಿಮ್ಮ ಮನೆಯ ಹಿರಿಯರು ಕಿರಿಯರೆಲ್ಲರ ಕ್ಷೇಮಕ್ಕೆ ಬರೆಯುವುದು, ಈ ವರ್ಷ ನಿಮ್ಮ ಕಡೆ ಮಳೆ ಹೇಗೆ, ಎಂದು ಇಂಗ್ಲಿಷಿನಲ್ಲಿ ಬರೆದೆ. ಬೆಲ್ಲದ ವಿಷಯ ಬರುವ ಹೊತ್ತಿಗೆ ಹಾಳೆ ಮುಗಿದಿತ್ತು. ಮೇಷ್ಟರು ಕನ್ನಡಕ ತೆಗೆದು, "ಏನಯ್ಯ, ಬೆಲ್ಲ ಮಾರ್ತೀಯೋ, ಹೆಣ್ಣು ಕೇಳ್ತೀಯೋ?" ಎಂದರು.

ಆದರೆ ಯೋಚಿಸಿ ನೋಡಿ, ಇಂಗ್ಲಿಷಿನವರೇನು ಕಡಿಮೆ? ಅವರದೂ ನೇರವಾದ ದಾರಿಯಲ್ಲ. ನಮ್ಮ ಹಳೆಯ ಶಿಲಾಶಾಸನಗಳಲ್ಲಿ ರಾಜನ ಬಿರುದುಗಳೆಲ್ಲ ಸಾಲುಸಾಲಾಗಿ ಬಂದು, ಅವನು ಗೆದ್ದ ಶತ್ರುಗಳೂ ಗೆಲ್ಲದ ಶತ್ರುಗಳೂ ಬಂದು, ಕೊಟ್ಟಕೊನೆಗೆ ಕೆರೆಯ ಕೆಳಗೆ ಒಂದು ತುಂಡು ಗದ್ದೆ ದಾನ ಬಿಟ್ಟ ಎಂಬ ಸಂಗತಿ ಬರುತ್ತದೆ. ಮೇಷ್ಟರು ಹೇಳಿಕೊಟ್ಟ ಕಾಗದಗಳದ್ದೂ ಅದೇ ಜಾತಿ. ಘನವೆತ್ತ ತಮ್ಮ ಕಾಗದ ತಲುಪಿದ ಗೌರವ, ತಮ್ಮ ಸೇವೆಯ ಭಾಗ್ಯ, ತಮ್ಮ ವಿಧೇಯ ಸೇವಕ. ನಡುವೆ ಎಲ್ಲೋ ಒಂದು ಕಡೆ, ಮೂಟೆ ಒದ್ದೆಯಾಗಿತ್ತು ಎಂಬ ಸಂಗತಿ ನಾಚಿಕೊಂಡು ಕೂತಿರುತ್ತದೆ. ಇದು ಅರ್ಥವಾದ ಮೇಲೆ ನನಗೆ ಭಯ ಹೋಯಿತು. ಪ್ರತಿದಿನ ಬಸ್ಸಿನಲ್ಲಿ ಗೆಜ್ಜಲಗೆರೆ ಬರುವುದರೊಳಗೆ ಒಂದು ಬಗೆಯ ವಿಷಾದವನ್ನು ಬಾಯಿಪಾಠ ಮಾಡುತ್ತಿದ್ದೆ. ಕಂಡಕ್ಟರು ಚಿಲ್ಲರೆ ಕೇಳಿದರೆ ಅವನಿಗೂ "ವಿ ರಿಗ್ರೆಟ್" ಎಂದು ಬಿಡುತ್ತಿದ್ದೆ.

ಮನೆಯಲ್ಲಿ ಗಿರಾಕಿಯ ಪಾತ್ರ ನನ್ನ ಹೆಂಡತಿ ಪುಟ್ಟಲಕ್ಷ್ಮಿಯದು. ಮಳವಳ್ಳಿಯ ಕಡೆಯ ಹೆಣ್ಣು, ಮಾತು ಬಲು ನೇರ. ನಾನು ಒಂದು ಅಚ್ಚು ಬೆಲ್ಲ ಅವಳ ಮುಂದಿಟ್ಟು, ಅದರ ಬಣ್ಣ, ಗಟ್ಟಿತನ, ಕಬ್ಬಿಗೆ ಹರಿದ ನಾಲೆಯ ನೀರು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೊಗಳುತ್ತಿದ್ದೆ. ಅವಳು ಕೊನೆಯವರೆಗೆ ಸುಮ್ಮನೆ ಕೇಳಿ, "ಸರಿ, ಪಾಯಸಕ್ಕೆ ಅರ್ಧ ಒಡ್ಕೊಡಿ" ಎನ್ನುತ್ತಿದ್ದಳು. ಅವಳ ತಾಯಿ ಅಳಿಯ ಪಾಸಾಗಲಿ ಎಂದು ಮುತ್ತತ್ತಿಯ ಆಂಜನೇಯನಿಗೆ ಹರಕೆ ಕಟ್ಟಿದರು. ಹನುಮಂತನಿಗೆ ಎಷ್ಟು ಭಾಷೆ ಬರುತ್ತಿತ್ತೋ ತಿಳಿಯದು; ವ್ಯಾಪಾರವಂತೂ ಮಾಡಿದವನಲ್ಲ.

ಬರೆಯುವ ಪರೀಕ್ಷೆ ಸಲೀಸಾಗಿ ಆಯಿತು. ಉಳಿದದ್ದು ಬಾಯಿಮಾತಿನ ಪರೀಕ್ಷೆ. ಅದರ ಕಥೆ ಹೇಳುವ ಮೊದಲು ನಮ್ಮ ಮಂಡಿಯ ಪದ್ಧತಿಯೊಂದನ್ನು ಹೇಳಬೇಕು. ಅಲ್ಲಿ ಕೊಳ್ಳುವವನೂ ಮಾರುವವನೂ ಎದುರು ನಿಂತು, ಟವೆಲಿನ ಮರೆಯಲ್ಲಿ ಕೈ ಕೈ ಹಿಡಿದು, ಬೆರಳು ಅಮುಕಿ ದರ ಕುದುರಿಸುತ್ತಿದ್ದರು. ಬಾಯಿ ಮಾತ್ರ ಮೇಲುಗಡೆ ಮಳೆಯ ಸುದ್ದಿ, ನಾಲೆಗೆ ನೀರು ಬಿಟ್ಟ ಸುದ್ದಿ, ಮಗಳ ಬಾಣಂತನದ ಸುದ್ದಿ ಆಡುತ್ತಿರಬೇಕು. ಸುತ್ತ ನಿಂತವರಿಗೆ ದರ ತಿಳಿಯಕೂಡದು. ನಾಲ್ಕು ಜನರ ಮುಂದೆ ದರವನ್ನು ಬಾಯಿಬಿಟ್ಟು ಹೇಳಿದವನನ್ನು ಮತ್ತೆ ಯಾರೂ ಮಂಡಿಯೊಳಗೆ ಸೇರಿಸುತ್ತಿರಲಿಲ್ಲ. ಇದನ್ನು ನನಗೆ ಯಾರೂ ಪಾಠ ಮಾಡಿರಲಿಲ್ಲ, ಉಸಿರಾಡುವುದರ ಹಾಗೆ ಬಂದಿತ್ತು.

ಪರೀಕ್ಷೆ ನಡೆದದ್ದು ಒಂದು ಹೈಸ್ಕೂಲಿನ ಕೋಣೆಯಲ್ಲಿ. ಪರೀಕ್ಷಕರು ಕೋಟು ತೊಟ್ಟ, ಸೌಮ್ಯ ಮುಖದ ಹಿರಿಯರು. ಒಬ್ಬನ ಸರದಿ ನಡೆಯುವಾಗ ಮುಂದಿನವನು ಹಿಂದಿನ ಬೆಂಚಿನಲ್ಲಿ ಕಾಯಬೇಕು. ನನ್ನ ಹಿಂದೆ ಕೂತಿದ್ದವನು ಮಳವಳ್ಳಿಯ ನಂಜಪ್ಪ. ನಮ್ಮ ಎದುರು ಮಂಡಿಯ ಗುಮಾಸ್ತ, ಬಸ್ಸಿನ ಗೆಳೆಯ, ವ್ಯಾಪಾರದಲ್ಲಿ ಪಕ್ಕಾ ವೈರಿ.

ಪರೀಕ್ಷಕರು, ನಾನು ಅಹಮದಾಬಾದಿನ ವ್ಯಾಪಾರಿ, ನನಗೆ ನಿಮ್ಮ ಬೆಲ್ಲ ಮಾರಿ, ಎಂದರು. ನಾನು ಶುರು ಮಾಡಿದೆ. ಬಣ್ಣ ಹೊಗಳಿದೆ, ಗಟ್ಟಿತನ ಹೊಗಳಿದೆ, ನಾಲೆಯ ನೀರನ್ನು ಕನ್ನಂಬಾಡಿಯಿಂದ ಮಂಡ್ಯದವರೆಗೆ ಇಂಗ್ಲಿಷಿನಲ್ಲಿ ಹರಿಸಿದೆ. ಅವರು ತಲೆದೂಗುತ್ತ, "ನಿಮ್ಮ ದರವೇನು?" ಎಂದು ಕೇಳಿದರು. ನನ್ನ ಬಾಯಿ ತಾನಾಗಿಯೇ ಈ ವರ್ಷದ ಮಳೆಯ ಕಡೆಗೆ ತಿರುಗಿತು. ಅವರು ಮತ್ತೆ ಕೇಳಿದರು. ನಾನು ಚಳಿಗಾಲಕ್ಕೆ ಬಂದೆ. ಬೆನ್ನ ಹಿಂದೆ ನಂಜಪ್ಪ ಮೈಯೆಲ್ಲ ಕಿವಿಯಾಗಿ ಕೂತಿರುವುದು ತಿರುಗಿ ನೋಡದೆಯೂ ಗೊತ್ತಾಗುತ್ತಿತ್ತು. ಮೂರನೆಯ ಸಲ ಕೇಳಿದಾಗ ನನ್ನ ಕೈ ಜೇಬಿಗೆ ಹೋಯಿತು. ಕರವಸ್ತ್ರ ತೆಗೆದು, ಬಲಗೈ ಮೇಲೆ ಹರವಿ, ಮೇಜಿನ ಮೇಲಿಂದ ಅವರತ್ತ ಚಾಚಿದೆ.

ಪರೀಕ್ಷಕರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಕರವಸ್ತ್ರ ತೆಗೆದುಕೊಂಡು, ತಮ್ಮ ಹಣೆ ಒರೆಸಿಕೊಂಡು, ಥ್ಯಾಂಕ್ಯೂ ಎಂದು ಹಿಂದಿರುಗಿಸಿದರು. ನನ್ನ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಫಲಿತಾಂಶದ ಹಾಳೆಯನ್ನು ಇನ್‌ಸ್ಟಿಟ್ಯೂಟಿನ ಗೋಡೆಗೆ ಅಂಟಿಸಿದ್ದರು. ಬರವಣಿಗೆಯಲ್ಲಿ ಪಾಸು, ಬಾಯಿಮಾತಿನಲ್ಲಿ ಫೇಲು. ಪಕ್ಕದಲ್ಲಿ ನಂಜಪ್ಪನೂ ಅದೇ ಹಾಳೆ ನೋಡುತ್ತ ನಿಂತಿದ್ದ, ಅವನದೂ ಅದೇ ಗತಿ.

"ನೀನ್ಯಾಕ್ಲಾ ಪೇಲಾದೆ?" ಎಂದೆ.

"ರೇಟ್ ಯೋಳು ಅಂದ್ರು. ನೀನು ಆಚೆಗ್ ಓದೋನು ಕಿಟ್ಕಿತಾವೇ ನಿಂತಿದ್ಯಲ್ಲ, ಎಂಗ್ಲಾ ಯೋಳ್ಲಿ?" ಎಂದ. ಅವನು ಹೇಳಿದ್ದು ನಿಜ. ನಾನು ಕಿಟಕಿಯ ಹತ್ತಿರವೇ ನಿಂತಿದ್ದೆ.

ಸಂಜೆಯ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಮದ್ದೂರಿನವರೆಗೆ ಬಂದೆವು. ಅಂದಿನ ಬೆಲ್ಲದ ದರವೊಂದನ್ನು ಬಿಟ್ಟು ಜಗತ್ತಿನ ಎಲ್ಲ ವಿಷಯ ಮಾತಾಡಿದೆವು.

ಮರುದಿನ ಗೌಡರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅವರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. "ನಂಜಪ್ಪ ಇಂದ್ಗಡೆನೇ ಇದ್ನಾ?"

"ಊಂ ಗೌಡ್ರೆ."

"ನೀನು ರೇಟ್ ಬಾಯ್ ಬುಡ್ನಿಲ್ಲ?"

"ಇಲ್ಲ."

ಅವರು ಕಿಟಕಿಯ ಪಕ್ಕದ ಖಾಲಿ ಮೇಜಿನತ್ತ ನೋಡಿದರು. "ಮೈಸೂರೋನ್ಗೆ ಇವಾಗ್ಲೇ ಬರ್ಬ್ಯಾಡ ಅಂತ ಯೋಳ್ ಕಳುಸ್ತೀನಿ. ಇನ್ನೊಂದ್ಸಲ ಕೂತ್ಕೋ ಪರೀಕ್ಸೆಗೆ. ಇದೇ ಕಡೇದು, ತಿಳ್ಕೋ."

ಈ ಸಲ ನಾನು ಹಟ ಹಿಡಿದೆ. ಇಂಗ್ಲಿಷು ಬರುತ್ತಿತ್ತು, ಬಾರದೆ ಇದ್ದದ್ದು ನಾಲಿಗೆಗೆ ದರ. ಶೇಷಾದ್ರಿ ಮೇಷ್ಟರು, "ಅದು ನಾಟಕ ಕಣಯ್ಯ. ಅಲ್ಲಿ ಬೆಲ್ಲವೂ ಇಲ್ಲ, ಗಿರಾಕಿಯೂ ಇಲ್ಲ. ಹೇಳಿಬಿಡು" ಎಂದರು. ಮೇಷ್ಟರಿಗೆ ಹೇಳುವುದು ಸುಲಭ. ನನಗೆ ಹಿರಿಯರ ಮುಂದೆ ಕೆಟ್ಟ ಮಾತು ಆಡಿದಷ್ಟು ಕಷ್ಟ. ನಾಲಿಗೆ ಹೊರಳಲೆಂದು ಬೆಳಗ್ಗೆ ಎದ್ದು ಶಿಂಷಾ ಹೊಳೆಯ ದಂಡೆಗೆ ಹೋಗಿ, ನೀರಿಗೆ ಮುಖಮಾಡಿ, ದರವನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೂಗತೊಡಗಿದೆ. ಮೊದಮೊದಲು ಧ್ವನಿಯೇ ಹೊರಡಲಿಲ್ಲ. ಬರಬರುತ್ತ ಎದುರು ದಂಡೆಯ ಕೊಕ್ಕರೆ ಹಾರುವಷ್ಟು ಜೋರಾಯಿತು.

ವಾರ ಕಳೆಯುವುದರೊಳಗೆ ಪುಟ್ಟಲಕ್ಷ್ಮಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಒಳೆತಾವ ಬಟ್ಟೆ ಒಗೆಯೋರೆಲ್ಲ ಕೇಳ್ತಾವ್ರೆ, ನಿಮ್ಮ ಯಜಮಾನ್ರು ಕೂಗೋದು ಇವತ್ತಿನ್ ರೇಟಾ, ನೆನ್ನೆದಾ ಅಂತ. ನಾನೇನ್ ಯೋಳ್ಲಿ?"

ಮದ್ದೂರಿನಲ್ಲಿ ಆಲೆಮನೆ ಇಟ್ಟು ನಮ್ಮ ಮಂಡಿಗೆ ಬೆಲ್ಲ ಹಾಕುವವರ ಮನೆಯ ಬಟ್ಟೆಯೂ ಅದೇ ಹೊಳೆಯಲ್ಲಿ ಒಗೆಯುವುದು. ಹಾಗೆಂದು ಕೂಗುವುದನ್ನು ಬಿಟ್ಟರೆ ಮೇಜು ಹೋಗುತ್ತದೆ. ಮರುದಿನದಿಂದ ನಾನು ಮನಸ್ಸಿಗೆ ತೋಚಿದ ದರ ಕೂಗಿದೆ. ಒಂದು ದಿನ ಆಕಾಶಕ್ಕೆ ಏರಿಸಿದೆ, ಒಂದು ದಿನ ಹೊಳೆಯ ತಳಕ್ಕೆ ಇಳಿಸಿದೆ. ಆಶ್ಚರ್ಯವೆಂದರೆ ನಾಲಿಗೆ ಹಗುರವಾಯಿತು. ನಿಜವಾದ ದರಕ್ಕೆ ತಡವರಿಸುತ್ತಿದ್ದ ಇಂಗ್ಲಿಷು, ಸುಳ್ಳು ದರಕ್ಕೆ ಸರಾಗವಾಗಿ ಹರಿಯಿತು.

ಎರಡನೆಯ ಸಲವೂ ಅದೇ ಕೋಣೆ, ಅದೇ ಪರೀಕ್ಷಕರು. ಹಿಂದಿನ ಬೆಂಚಿನಲ್ಲಿ ಅದೇ ನಂಜಪ್ಪ. ದರ ಕೇಳಿದರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ಮಂಡ್ಯದ ಮಂಡಿ ಹುಟ್ಟಿದಾಗಿನಿಂದ ಯಾರೂ ಕೇಳಿರದ ಒಂದು ದರವನ್ನು ಗಟ್ಟಿಯಾಗಿ ಹೇಳಿದೆ. ಜಾಸ್ತಿಯಾಯಿತು, ಇಳಿಸಿ, ಎಂದರು ಪರೀಕ್ಷಕರು. ಇಳಿಸಲಾಗದ್ದಕ್ಕೆ ನಾನು ತೀವ್ರವಾಗಿ ವಿಷಾದಪಟ್ಟೆ. ಅವರು ಮೆಚ್ಚಿ ತಲೆಯಾಡಿಸಿ ಏನನ್ನೋ ಬರೆದುಕೊಂಡರು. ಹಿಂದಿನಿಂದ ನಂಜಪ್ಪ ಕೆಮ್ಮಿದ. ಅದು ಮೆಚ್ಚಿದ ಕೆಮ್ಮು. ಅವನ ಸರದಿಯಲ್ಲಿ ಅವನು ಹೇಳಿದ ದರ ಕೇಳಿ ನಾನು ಕಿಟಕಿಯಲ್ಲಿ ನಗು ತಡೆದುಕೊಳ್ಳಬೇಕಾಯಿತು.

ಇಬ್ಬರೂ ಪಾಸಾದೆವು. ಸರ್ಟಿಫಿಕೇಟು ಬಂದ ದಿನ ಅದನ್ನು ಎರಡೂ ಕೈಯಲ್ಲಿ ಹಿಡಿದು ಗೌಡರ ಮುಂದೆ ಇಟ್ಟೆ. ಅವರು ಅದನ್ನು ಮುಟ್ಟಲಿಲ್ಲ, ನನ್ನ ಮುಖವನ್ನೇ ನೋಡಿದರು.

"ರೇಟ್ ಯೋಳ್ಬುಟ್ಟಾ?"

"ಯೋಳ್ದೆ, ಗೌಡ್ರೆ."

"ನಂಜಪ್ಪನ ಮುಂದೆ?"

"ಊಂ. ಸುಳ್ಳು ರೇಟು ಯೋಳ್ದೆ."

ಗೌಡರು ಎದ್ದು ಹೋಗಿ, ಹೆಗಲ ಮೇಲಿನ ಟವೆಲಿನಿಂದ ಕಿಟಕಿ ಪಕ್ಕದ ಕುರ್ಚಿಯನ್ನು ತಾವೇ ಒರೆಸಿದರು.

"ಇವಾಗ ಬಂತು ಕಣ್ಲಾ ನಿಂಗೆ ಯಾಪಾರದ ಇಂಗ್ಲೀಸು," ಎಂದರು. "ಕೂತ್ಕೋ."