ಪಾರಿವಾಳದ ಕೂಡ ಖಾನಾಪುರಕ್ಕೆ

ಆಗ ನನಗೆ ಹದಿನೆಂಟು. ಈ ಮಾತಿಗೆ ಈಗ ಐವತ್ತು ವರ್ಷ ಆಗಿರಬೇಕು. ಬೆಳಗಾವಿಯ ಗಂಡನ ಮನೆಯಿಂದ ಖಾನಾಪುರದ ತವರಿಗೆ ಒಂದು ಪಾರಿವಾಳ ತೆಗೆದುಕೊಂಡು ಹೋದೆ. ಮದುವೆಯಾಗಿ ಎರಡು ವರ್ಷವಾಗಿದ್ದರೂ ಒಮ್ಮೆಯೂ ನನ್ನನ್ನು ತವರಿಗೆ ಕಳಿಸಿರಲಿಲ್ಲ. ಕೇಳಿದಾಗೆಲ್ಲ ಮಾವ, "ಐದು ಹರದಾರಿ ದೂರ ಐತಿ, ಸುಮ್ಮನ ಆತೇನು?" ಅನ್ನುತ್ತಿದ್ದರು.

ಮಾವನಿಗೆ ಪಾರಿವಾಳದ ಹುಚ್ಚು. "ನಿನ್ನ ಹಕ್ಕಿ ಓಣಿ ದಾಟಿದ್ರ ಹಾದಿ ತಪ್ಪತೈತಿ ನೋಡಪಾ" ಎಂದು ಬಾಜು ಮನೆಯವರು ಕೆಣಕಿದರು. ಮಾವನಿಗೆ ಸಿಟ್ಟು ಬಂತು. ಖಾನಾಪುರದಿಂದ ಬಿಟ್ಟರೂ ಅರ್ಧ ತಾಸಿನಲ್ಲಿ ಹಾರಿ ಮನೆಗೆ ಬರುತ್ತದೆ ಎಂದರು. ಒಯ್ದು ಬಿಡುವವರು ಬೇಕಲ್ಲ. ಆಗ ಅವರಿಗೆ ನನ್ನ ತವರು ನೆನಪಾಯಿತು.

"ನಾಳೆ ಹೋಗು, ನಾಡಿದ್ದ ಮುಂಜಾನೆ ಹಕ್ಕಿ ಬಿಡು. ಹಕ್ಕಿ ಇಲ್ಲಿ ಬಂದ ಮರುದಿನ ನಿನ್ನ ಗಂಡ ಕರಕೊಂಡ ಬರಾಕ ಬರ್ತಾನ" ಅಂದರು.

ರೈಲಿತ್ತು. ಹೊಗೆ ಕುಡಿದರೆ ಹಕ್ಕಿಗೆ ದಿಕ್ಕು ತಿಳಿಯುವುದಿಲ್ಲ ಎಂದು ಮಾವ ಒಪ್ಪಲಿಲ್ಲ. ನಮ್ಮ ತವರಿನ ಓಣಿಯ ಕುಂಬಾರ ಕಾಕಾ ಬೆಳಗಾವಿಯಲ್ಲಿ ಗಡಿಗೆ ಮಾರಿ, ಬರಿ ಗಾಡಿ ಹೊಡೆದುಕೊಂಡು ಊರಿಗೆ ಹೊರಟಿದ್ದ. ಮಾವ ಅವನಿಗೆ ಬಾಡಿಗೆಯ ಬದಲು ಒಂದು ಅಚ್ಚು ಬೆಲ್ಲ ಕೊಟ್ಟು, ಹಕ್ಕಿಯ ಬುಟ್ಟಿ ಸಮೇತ ನನ್ನನ್ನು ಹತ್ತಿಸಿದರು.

ಹೊರಟಾಗ ಇನ್ನೂ ನಸುಕು. ಅಷ್ಟರಲ್ಲೇ ನಾನು ನೀರು ತುಂಬಿ, ಕಸ ಹೊಡೆದು, ಮನೆಮಂದಿಗೆಲ್ಲ ರೊಟ್ಟಿ ಬಡಿದಿದ್ದೆ. ಗಾಡಿಯಲ್ಲಿ ಹುಲ್ಲಿತ್ತು. ಕೂತಲ್ಲೇ ತೂಕಡಿಸಿದೆ. ಹಾದಿಯ ಮೇಲಿನ ದೇಸೂರು ಯಾವಾಗ ದಾಟಿತೋ ಗೊತ್ತಿಲ್ಲ. ಎಚ್ಚರಾದಾಗ ಬಾಯಿ ತುಂಬ ಕೆಂಪು ಧೂಳು, ನೆತ್ತಿಯ ಮೇಲೆ ಬಿಸಿಲು. ಒಂದು ಮಾವಿನ ಮರದ ಕೆಳಗೆ ಎತ್ತು ಬಿಟ್ಟು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಬುಟ್ಟಿಯೊಳಗೆ ಹಕ್ಕಿಗೂ ನೀರಿಟ್ಟೆ. ನನಗಿಂತ ಅದೇ ಚುರುಕಾಗಿತ್ತು.

"ಇದಕ್ಕ ಅರ್ಧ ತಾಸು, ನಮಗ ಇಡೀ ದಿನ. ಹಾದಿ ಮಾತ್ರ ಒಂದ ಐತಿ ನೋಡವಾ" ಎಂದ ಕಾಕಾ.

"ಕಾಕಾ, ನಾ ಇದನ್ನ ಬಿಡದಿದ್ರ?"

"ಬಿಡದಿದ್ರ ಅದೇನು ನಡಕೋತ ಹೊಕ್ಕೈತೇನ, ಹುಚ್ಚಿ?"

ಅವನು ನಕ್ಕ. ನಾನು ನಗಲಿಲ್ಲ. ಎತ್ತು ಹೂಡುವವರೆಗೂ ಬುಟ್ಟಿಯನ್ನೇ ನೋಡುತ್ತ ಕೂತೆ.

ಹೊತ್ತು ಮುಳುಗುವಾಗ ಖಾನಾಪುರ ಮುಟ್ಟಿದೆವು. ಸೊಂಟ ಹಿಡಿದುಹೋಗಿತ್ತು. ಇಳಿಯಲು ಕಾಕಾ ಕೈ ಕೊಡಬೇಕಾಯಿತು. ಅವ್ವ ಬಾಗಿಲಲ್ಲೇ ಬುಟ್ಟಿ ನೋಡಿದಳು.

"ಇದೇನ, ನಿನ್ನ ಕೂಡ ಹಕ್ಕಿ ಕಳಸ್ಯಾರ?"

"ಇಲ್ಲಬೇ, ಹಕ್ಕಿ ಕೂಡ ನನ್ನ ಕಳಸ್ಯಾರ."

"ಎಷ್ಟ ದಿನ ಇರ್ತಿ?"

ಮಾವ ಹೇಳಿದ್ದನ್ನು ಹಾಗೇ ಹೇಳಿದೆ. ಅವ್ವ ಬೆರಳು ಮಡಚಿ ದಿನ ಲೆಕ್ಕ ಹಾಕಿದಳು. ಕಾಲಿಗೆ ಬಿಸಿನೀರು ಕೊಟ್ಟಳು. ನನ್ನ ಕೈ ಹಿಡಿದು ನೋಡಿ, "ಬರೇ ಎಲುಬು ಆಗೀದಿ" ಎಂದಳು. ಅನ್ನ, ಮಜ್ಜಿಗೆ ಉಂಡು ಅಲ್ಲೇ ಬಿದ್ದುಕೊಂಡೆ.

ಮರುದಿನ ಬೆಳಕು ಹರಿಯುತ್ತಲೇ ಪಾರಿವಾಳ ಗುಟುರ್ ಗುಟುರ್ ಅನ್ನತೊಡಗಿತು. ಎದ್ದೆ. ಒಂದು ಹಿಡಿ ಜೋಳ ಹಾಕಿ ನೀರಿಟ್ಟೆ. ಬುಟ್ಟಿಯ ಮುಚ್ಚಳಕ್ಕೆ ಹಗ್ಗ ಬಿಗಿದು ಎರಡು ಗಂಟು ಹಾಕಿದೆ. ಮತ್ತೆ ಹೋಗಿ ಮಲಗಿದೆ.